ತೊಗಲಿನ ಗುಳಿಗೆ

ನಮ್ಮ ಮನೆಯ ಹೊರಬಾಗಿಲಿಗೆ ಒಳಗಡೆಯಿಂದ ಮೂರು ಚಿಲಕಗಳಿವೆ. ಕೆಳಗಿನದು ನಮ್ಮ ಮಾವನವರ ಕಾಲದ್ದು. ನಡುವಿನದು ಮಗಳು ಪಲ್ಲವಿ ನಡೆಯಲು ಕಲಿತ ಮೇಲೆ ಹಾಕಿಸಿದ್ದು. ಮೇಲಿನದು, ಅವಳು ಸ್ಟೂಲು ಎಳೆದು ತಂದು ನಡುವಿನದನ್ನು ತೆಗೆಯಲು ಕಲಿತ ಮೇಲೆ ಹಾಕಿಸಿದ್ದು. ಬಂದವರು "ನಿಮ್ಮೂರಾಗ ಕಳ್ಳರ ಕಾಟ ಭಾಳ ಐತೇನ್ರಿ?" ಎಂದು ನಗುತ್ತಾರೆ. ನಾನೂ ನಕ್ಕು ಚಹಾಕ್ಕೆ ಇಡುತ್ತೇನೆ. ಹೊರಗಿನವರು ಬಾರದಿರಲಿ ಎಂದಲ್ಲ, ಒಳಗಿನವಳು ಹೋಗದಿರಲಿ ಎಂದು ಹಾಕಿದ ಚಿಲಕಗಳು ಅವು ಎಂದು ಎಷ್ಟು ಮಂದಿಗೆ ಬಿಡಿಸಿ ಹೇಳಲಿ? ಅವಳನ್ನು ಒಳಗಿಡಲು ಹೋಗಿ ನಾನೂ ಅವಳ ಜೊತೆ ಒಳಗೇ ಉಳಿದೆ.

ನಾನು ಕಲಘಟಗಿ ತಾಲೂಕಿನವಳು, ದುಮ್ಮವಾಡದ ಬಾಜು ಊರಿನ ಪಂಚಾಯ್ತಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಮಕ್ಕಳನ್ನು ಬೆಳೆಸುವುದು ಹೇಗೆ ಎಂದು ಹೇಳುವ ಪುಸ್ತಕಗಳು ನಮ್ಮ ಕಪಾಟಿನಲ್ಲಿ ಬೇಕಾದಷ್ಟಿವೆ. ಎಲ್ಲದರಲ್ಲೂ ತಾಯಿ ಮಗುವಿನ ಎದುರು ಮೊಣಕಾಲೂರಿ ಕೂತು ಮೆಲುದನಿಯಲ್ಲಿ ಮಾತಾಡುತ್ತಾಳೆ. ನಾನೂ ಒಂದು ದಿನ ಹಾಗೆ ಕೂತೆ. ಕೂತಿದ್ದರಿಂದ ನನ್ನ ಜಡೆ ಪಲ್ಲವಿಯ ಕೈಗೆ ಇನ್ನೂ ಸಲೀಸಾಗಿ ಸಿಕ್ಕಿತು. ಆ ಪುಸ್ತಕಗಳನ್ನು ಬರೆದವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಅವರು ಒಂದು ವಾರ ನಮ್ಮ ಮನೆಯಲ್ಲಿದ್ದು ಬರೆಯಬೇಕಿತ್ತು. ಇಂಥ ಮಗು ನಮಗೊಬ್ಬರಿಗೇ ಹುಟ್ಟಿದೆ ಎಂದುಕೊಂಡು ಬಾಗಿಲು ಹಾಕಿಕೊಂಡು ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪಲ್ಲವಿ ಕೆಟ್ಟವಳಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ ಈಗ ನನ್ನ ಬಾಯಲ್ಲಿ ಅದಕ್ಕೆ ರುಚಿಯೇ ಉಳಿದಿಲ್ಲ. ಬೇಡವೆಂದರೆ ಅವಳಿಗೆ ಕೇಳಿಸುವುದೇ ಇಲ್ಲ. ಕೇಳಿಸಿದರೆ ಸಿಟ್ಟು ತಡೆಯಲಾಗುವುದಿಲ್ಲ. ತಾಟು ಎಸೆಯುತ್ತಾಳೆ, ಕಚ್ಚುತ್ತಾಳೆ, ಕೈ ಬಿಟ್ಟರೆ ಓಡುತ್ತಾಳೆ. ಒಮ್ಮೆ ಗೋವಿನಜೋಳದ ಹೊಲದೊಳಗೆ ಓಡಿಹೋದಳು. ಜೋಳ ಅವಳಿಗಿಂತ ಎತ್ತರವಿತ್ತು. ಊರ ಗಂಡಸರೆಲ್ಲ ಸಾಲು ಹಿಡಿದು ಹುಡುಕಿದರು. ಸಿಕ್ಕಾಗ ಅವಳು ನಗುತ್ತಿದ್ದಳು. ಅವಳು ಸುಮ್ಮನೆ ಕೂರುವುದು ಒಂದೇ ಜಾಗದಲ್ಲಿ, ದನದ ಕೊಟ್ಟಿಗೆಯಲ್ಲಿ, ನಮ್ಮ ಕೆಂದ ಎಂಬ ಎತ್ತಿನ ಹತ್ತಿರ. ಕೆಂದನ ಕುತ್ತಿಗೆ ತುರಿಸುತ್ತ ಎಷ್ಟು ಹೊತ್ತಾದರೂ ಇರುತ್ತಾಳೆ.

ಮದುವೆ, ಸೀಮಂತ, ಮನೆ ತುಂಬುವ ಕಾರ್ಯಕ್ರಮ ಯಾವುದಕ್ಕೂ ಹೋಗುವುದನ್ನು ನಾನು ಬಿಟ್ಟೆ. ನಮ್ಮ ಕಡೆ ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ, ಅಣ್ಣನೋ ತಮ್ಮನೋ ಕರೆಯಲು ಬರುತ್ತಾನೆ. ಒಂದು ವರ್ಷ ನನ್ನ ತಮ್ಮ ಬಂದ. ಉಂಡಿ ಕೊಟ್ಟ, ಚಹಾ ಕುಡಿದ, ಹೊಸ್ತಿಲ ಹತ್ತಿರ ನಿಂತು ನೆಲ ನೋಡುತ್ತ ಹೇಳಿದ: "ಅಕ್ಕಾ, ಈ ಸಲ ನೀ ಒಬ್ಬಾಕಿನ ಬಾ. ಹುಡುಗಿ ಇಲ್ಲೇ ಇರ್ಲಿ. ಮನ್ಯಾಗ ಸಣ್ಣ ಕೂಸು ಐತಿ, ನಿನಗ ಗೊತ್ತೈತಲ್ಲ."

ಗೊತ್ತಿತ್ತು. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. "ಗ್ರಂಥಾಲಯದಾಗ ಕೆಲಸ ಭಾಳ ಐತೋ" ಎಂದು ಹೇಳಿ ಕಳಿಸಿದೆ. ಬಸ್ ಸ್ಟ್ಯಾಂಡಿನ ಕಡೆ ಅವನು ಹೋಗುವುದನ್ನು ಕಿಟಕಿಯಿಂದ ನೋಡುತ್ತ, ಎಲ್ಲವನ್ನೂ ಬಿಟ್ಟು ಒಬ್ಬಳೇ ಆ ಬಸ್ಸು ಹತ್ತಬೇಕೆಂಬ ಆಸೆ ನನಗೆ ಎಷ್ಟು ಜೋರಾಗಿ ಬಂತೆಂದರೆ ಕಿಟಕಿಯ ಸರಳು ಹಿಡಿದುಕೊಂಡೆ.

ನಮ್ಮ ಅತ್ತೆ ಗಂಗವ್ವ, ಪಲ್ಲವಿಗೆ ಆಯಿ, ಮನೆಯ ಹಿರಿಯರು. ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿದ ಮೇಲೆಯೇ ಅವರ ಗಂಟಲಲ್ಲಿ ನೀರಿಳಿಯುವುದು. ಮೊಮ್ಮಗಳಿಗಾಗಿ ಅವರು ಹರಕೆ ಹೊತ್ತರು, ತಾಯತ ಕಟ್ಟಿಸಿದರು, ಕೊನೆಗೆ ಅವಳಿಗೆ ಏಳು ವರ್ಷವಾದಾಗ ಸ್ವಾಮಿಗಳನ್ನು ಮನೆಗೆ ಕರೆಸಿ ಹುಡುಗಿಗೆ ಲಿಂಗದೀಕ್ಷೆಯನ್ನೂ ಮಾಡಿಸಿದರು. ಕೊರಳಿಗೆ ಲಿಂಗ ಬಂದರೆ ಮೈಗೆ ಸಮಾಧಾನ ಬರುತ್ತದೆಂದು ಅವರ ನಂಬಿಕೆ. ಲಿಂಗವಿಟ್ಟ ಚಿಕ್ಕ ಬೆಳ್ಳಿಯ ಕರಡಿಗೆಯನ್ನು ಕೊರಳಲ್ಲಿ ಹಾಕಿಕೊಂಡು ಪಲ್ಲವಿ ಒಂದಿಡೀ ಮಧ್ಯಾಹ್ನ ಗಂಭೀರವಾಗಿ ಕೂತಳು. ಸಂಜೆ ಅದೇ ಕರಡಿಗೆಯ ದಾರ ಹಿಡಿದು ಗಿರಗಿರ ತಿರುಗಿಸುತ್ತ ಮಾಳಿಗೆ ಹತ್ತಿದ್ದಳು.

ಶಾಲೆಯಲ್ಲಿ ಅದು ನಡೆದದ್ದು ಮಳೆಗಾಲದ ಮೊದಲಿಗೆ. ಬಿಸಿಯೂಟದ ಸಾಲಿನಲ್ಲಿ ಯಾರೋ ಮುಂದೆ ತಳ್ಳಿದರೆಂದು ಪಲ್ಲವಿ ಸ್ಟೀಲಿನ ತಾಟಿನಿಂದ ಒಬ್ಬ ಹುಡುಗಿಯ ಹಣೆಗೆ ಹೊಡೆದಳು. ಹೊಲಿಗೆ ಹಾಕಬೇಕಾಯಿತು. ಮರುದಿನ ತಾಯಂದಿರೆಲ್ಲ ಶಾಲೆಯ ಅಂಗಳಕ್ಕೆ ಬಂದು ನಿಂತರು. ಅಕ್ಕೋರು, ಅಂದರೆ ಅವಳ ಟೀಚರು, ನನ್ನನ್ನು ಕೋಣೆಯೊಳಗೆ ಕರೆದು ಬಾಗಿಲು ಮುಂದೆ ಮಾಡಿದರು. "ಗಿರಿಜಕ್ಕಾರ, ನನಗ ಹುಡುಗಿ ಮ್ಯಾಲೆ ಸಿಟ್ಟಿಲ್ರಿ. ಆದ್ರ ಉಳಿದ ಮಕ್ಕಳನ್ನೂ ನಾನೇ ನೋಡ್ಬೇಕಲ್ರಿ? ಒಮ್ಮೆ ಧಾರವಾಡಕ್ಕ ಕರಕೊಂಡು ಹೋಗಿ ತೋರಿಸ್ರಿ."

ನಮ್ಮ ಕಡೆ ಯಾರಾದರೂ ತಲೆಬುಡವಿಲ್ಲದೆ ಮಾತಾಡಿದರೆ 'ಇವನ್ನ ಧಾರವಾಡಕ್ಕ ಕಳಸ್ರಪಾ' ಎಂದು ಚೇಷ್ಟೆ ಮಾಡುತ್ತಾರೆ, ಅಲ್ಲಿ ಮನಸ್ಸಿನ ಕಾಯಿಲೆಗೆ ದವಾಖಾನೆ ಇದೆಯೆಂದು. ನಾನೂ ಎಷ್ಟೋ ಸಲ ಅಂದು ನಕ್ಕವಳೇ. ಅಕ್ಕೋರು ಹೇಳಿದಾಗ ಅದು ಚೇಷ್ಟೆಯಾಗಿರಲಿಲ್ಲ.

ಮನೆಗೆ ಬಂದು ಹೇಳಿದರೆ ಗಂಡ ಬಸವರಾಜ ಗೋಡೆಗೆ ಆತು ಕೂತರು. ಆಮೇಲೆ "ಎಂಟು ವರ್ಷದ ಹೆಣ್ಣಹುಡುಗಿನ್ನ ಅಲ್ಲಿಗೆ ಕರಕೊಂಡು ಹೋದ್ರ ನಾಳೆ ಯಾರು ಲಗ್ನ ಆಗ್ತಾರ?" ಎಂದರು. ನಾನು "ಲಗ್ನದ ಮಾತು ಇರ್ಲಿ, ನಾಳೆ ಸಾಲಿಗೆ ಯಾರು ಕರ್ಕೋತಾರ ಹೇಳ್ರಿ" ಎಂದೆ. ಕೊನೆಗೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು. ದಸರಾ ರಜೆಯವರೆಗೆ ಔಷಧ ಮಾಡುವುದು. ಅಷ್ಟರಲ್ಲಿ ಸುಧಾರಿಸದಿದ್ದರೆ ಹುಬ್ಬಳ್ಳಿಯಲ್ಲಿ ಅವರ ಗೆಳೆಯ ಹೇಳಿದ ಒಂದು ಹಾಸ್ಟೆಲ್ಲಿಗೆ ಹಾಕುವುದು. "ಅಲ್ಲಿ ಶಿಸ್ತು ಐತಿ. ತಾನಾಗೇ ಹಾದಿಗೆ ಬರ್ತಾಳ" ಎಂದರು. ಶಿಸ್ತು ಎನ್ನುವಾಗ ಅವರು ನನ್ನ ಮುಖ ನೋಡಲಿಲ್ಲ. ಅಲ್ಲಿ ಅವಳನ್ನು ಹೇಗೆ ಹಾದಿಗೆ ತರುತ್ತಾರೆಂದು ಇಬ್ಬರಿಗೂ ಊಹಿಸಲು ಕಷ್ಟವಿರಲಿಲ್ಲ.

ಧಾರವಾಡದ ಬಸ್ಸಿನಲ್ಲಿ ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು ಕೂತೆ. ಪಲ್ಲವಿ ಸೀಟಿನ ಮೇಲೆ ನಿಂತು ಮುಂದಿನವರ ಟೋಪಿ ತೆಗೆದಳು, ಹಿಂದಿನವರ ಬುಟ್ಟಿಯೊಳಗೆ ಕೈ ಹಾಕಿದಳು. ಕಂಡಕ್ಟರ್ ಬಂದು ಬೈಯುತ್ತಾನೆಂದುಕೊಂಡೆ. ಅವನು ಸೀಟಿ ಅವಳ ಕೈಗೆ ಕೊಟ್ಟು "ನಾ ಹೇಳಿದಾಗ ಅಷ್ಟ ಊದಬೇಕು ನೋಡವಾ" ಎಂದ. ಅವಳು ಅವನು ಹೇಳಿದಾಗಲೂ ಊದಿದಳು, ಹೇಳದಿದ್ದಾಗಲೂ ಊದಿದಳು. ಬಸ್ಸು ಎಲ್ಲೆಲ್ಲೋ ನಿಂತಿತು. ಯಾರೂ ಬೈಯಲಿಲ್ಲ. ಅಂಥ ಜನರಿಗೆ ನಾನು ಸರಿಯಾಗಿ ಕೈ ಮುಗಿಯಲೂ ಇಲ್ಲ.

ದವಾಖಾನೆಯ ಕಟ್ಟೆಯ ಮೇಲೆ ನನ್ನ ಬಾಜು ನವಲಗುಂದ ಕಡೆಯ ಹೆಣ್ಣುಮಗಳೊಬ್ಬಳು ಕೂತಿದ್ದಳು. ಅವಳ ಮಗ ಕೆಳಗೆ ನೆಲದ ಮೇಲೆ ಮಲಗಿ ಕಾಲಿನಿಂದ ಗೋಡೆ ಒದೆಯುತ್ತಿದ್ದ. ಇಬ್ಬರೂ ಬಹಳ ಹೊತ್ತು ಒಬ್ಬರನ್ನೊಬ್ಬರು ನೋಡಲಿಲ್ಲ. ಆಮೇಲೆ ಅವಳೇ ಮೆಲ್ಲಗೆ ಕೇಳಿದಳು: "ನಿಮ್ಮದು ಕಚ್ಚತೈತೇನ್ರಿ?"

"ಹೌದ್ರಿ, ಕಚ್ಚತೈತಿ."

"ಅಯ್ಯ, ನಮ್ಮದೂ ಕಚ್ಚತೈತ್ರಿ!" ಎಂದು ತೋಳಿನ ಗುರುತು ತೋರಿಸಿದಳು. ನಾನೂ ಸೆರಗು ಸರಿಸಿ ಮೊಣಕೈ ತೋರಿಸಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ಹೆಣ್ಣುಮಗಳ ಹೆಸರು ಕೇಳುವಷ್ಟರಲ್ಲಿ ಒಳಗೆ ಕರೆದರು.

ಡಾಕ್ಟರ್ ಹೆಣ್ಣುಮಗಳು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಪಲ್ಲವಿ ಅವರ ಮೇಜಿನ ಪೆನ್ನುಗಳನ್ನೆಲ್ಲ ಬಿಚ್ಚಿ ಹಾಕುವವರೆಗೆ ಸುಮ್ಮನೆ ನೋಡಿದರು. ನನ್ನನ್ನು ಬಹಳ ಪ್ರಶ್ನೆ ಕೇಳಿದರು. ಇಂಗ್ಲಿಷಿನ ನಾಲ್ಕಕ್ಷರದ ಒಂದು ಹೆಸರು ಹೇಳಿದರು. ಆ ಹೆಸರು ನನಗೆ ಆಗ ತಲೆಗೆ ಹತ್ತಲಿಲ್ಲ. ಅದರ ನಂತರ ಅವರು ಹೇಳಿದ್ದು ಮಾತ್ರ ಹತ್ತಿತು: "ಇದು ನಿಮ್ಮ ತಪ್ಪಿನಿಂದ ಆಗಿದ್ದಲ್ರಿ. ಅವಳ ಹಟದಿಂದಲೂ ಆಗಿದ್ದಲ್ಲ." ಎಂಟು ವರ್ಷದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ನಾನು ಅಲ್ಲೇ ಅತ್ತುಬಿಟ್ಟೆ. ಪಲ್ಲವಿ ಪೆನ್ನು ಬಿಟ್ಟು ನನ್ನನ್ನು ನೋಡಿ, ಡಾಕ್ಟರಿಗೆ ಒಂದು ಏಟು ಕೊಟ್ಟಳು.

ಒಂದು ಕ್ಯಾಪ್ಸೂಲ್ ಬರೆದುಕೊಟ್ಟರು. ದಿನಾ ಬೆಳಿಗ್ಗೆ ನುಂಗಿಸಬೇಕು, ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಬಾರದು. ಅದರ ಜೊತೆ ಅವಳೊಡನೆ ನಡೆದುಕೊಳ್ಳುವ ರೀತಿಯನ್ನೂ ಹೇಳಿಕೊಟ್ಟರು. ಮೊದಮೊದಲು ನಾನೇ ಬಾಳೆಹಣ್ಣಿನ ಜೊತೆ ಕೊಟ್ಟೆ, ಪಲ್ಲವಿ ನುಂಗಿದಳು. ಶ್ರಾವಣ ಬಂದ ಮೇಲೆ ಅತ್ತೆ "ನಿನಗ ಕೆಲಸಕ್ಕ ತಡಾ ಆಗ್ತೈತಿ, ನೀ ಹೋಗು. ನಾ ಕೊಡ್ತೀನಿ" ಎಂದರು. ಒಂದು ಹೊರೆ ಇಳಿಯಿತೆಂದು ನನಗೆ ಖುಷಿಯಾಯಿತು.

ವಾರಗಳು ಹೋದವು. ಗುಣ ಕಾಣಲಿಲ್ಲ. ಕಾಣದ್ದಷ್ಟೇ ಅಲ್ಲ, ಹುಡುಗಿ ಹೊಟ್ಟೆ ಹಿಡಿದುಕೊಂಡು ಅಳತೊಡಗಿದಳು, ಹಾಲು ಕಂಡರೆ ವಾಂತಿ ಮಾಡತೊಡಗಿದಳು. ಅತ್ತೆಯ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ನೀರೊಲೆಯ ಹೊಗೆ ಎಂದುಕೊಂಡೆ. ಗಂಡ ಕ್ಯಾಲೆಂಡರಿನ ಮುಂದೆ ನಿಲ್ಲುವುದು ಹೆಚ್ಚಾಯಿತು. "ನೋಡಿದಿಲ್ಲ, ಔಷಧಕ್ಕ ಬಗ್ಗೂ ಜಡ್ಡಲ್ಲ ಇದು" ಎಂದು ಒಂದು ದಿನ ಅಂದರು. ದಸರಾ ನಮ್ಮ ಮನೆಗೆ ಹಬ್ಬವಾಗಿ ಅಲ್ಲ, ವಾಯಿದೆಯಾಗಿ ಬರುತ್ತಿತ್ತು.

ಒಂದು ಬೆಳಿಗ್ಗೆ ಗ್ರಂಥಾಲಯದ ಕೀಲಿ ಮರೆತು ಅರ್ಧ ದಾರಿಯಿಂದ ತಿರುಗಿ ಬಂದೆ. ಅಡುಗೆಮನೆಯಲ್ಲಿ ಅತ್ತೆ ಬೆನ್ನು ಮಾಡಿ ಕೂತಿದ್ದರು. ಕ್ಯಾಪ್ಸೂಲನ್ನು ಎರಡೂ ಕೈಯಿಂದ ತಿರುಚಿ ಬಿಚ್ಚಿದರು. ಒಳಗಿನ ಪುಡಿಯನ್ನು ಬಟ್ಟಲಿನ ಹಾಲಿಗೆ ಉದುರಿಸಿದರು. ಖಾಲಿ ಸಿಪ್ಪೆಗಳನ್ನು ಹಳೆ ಬಟ್ಟೆಯ ತುದಿಯಿಂದ ಹಿಡಿದು, ಇಲಿ ಸತ್ತು ಬಿದ್ದರೆ ಹಿಡಿಯುವಂತೆ ಹಿಡಿದು, ಹಿತ್ತಿಲ ತಿಪ್ಪೆಗೆ ಎಸೆದು ಬಂದರು.

"ಅತ್ತೀ, ಏನ್ ಮಾಡಾಕತ್ತೀರಿ?"

ಅವರು ಬೆಚ್ಚಿದರು, ಆದರೆ ಮುಚ್ಚಿಡಲಿಲ್ಲ. "ಪುರಾಣಕ್ಕ ಹೋದಾಗ ಬಾಜುಕ ಕುಂತಾಕಿ ಹೇಳಿದ್ಳು, ಗಿರಿಜಾ. ಆ ಸಿಪ್ಪಿ ದನದ ತೊಗಲು ಎಲುಬಿಂದ ಮಾಡ್ತಾರಂತ. ಹುಡುಗಿ ಕೊಳ್ಳಾಗ ಲಿಂಗ ಐತಿ. ನಾನೇ ಕಟ್ಟಿಸೀನಿ. ನನ್ನ ಕೈಯಾರೆ ಆಕಿಗೆ ತೊಗಲು ತಿನ್ನಸ್ಲೇನು? ಔಷಧ ಬಿಡಸಿಲ್ಲ ನೋಡವಾ, ಒಂದ ದಿನಾನೂ ಬಿಡಸಿಲ್ಲ. ಒಳಗಿಂದು ಎಲ್ಲಾ ಕೊಟ್ಟೀನಿ."

ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ಅಂದುಬಿಡಬೇಕೆಂದುಕೊಂಡೆ. ಆದರೆ ಅವರ ಕೆಂಪು ಕಣ್ಣು ನೋಡಿದೆ. ಆ ಪುಡಿಯ ಕೈಯಿಂದಲೇ ಅವರು ದಿನಾ ಕಣ್ಣು ಒರೆಸಿಕೊಂಡಿದ್ದರು. ಎಲ್ಲರೂ ಈ ಮಗುವಿಗೆ ಒಳ್ಳೆಯದನ್ನೇ ಮಾಡಲು ಹೊರಟು, ಎಲ್ಲರೂ ಒಂದೇ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದೆವು. ನಾನು ಬಟ್ಟಲಿನ ಹಾಲನ್ನು ಚೆಲ್ಲಿ ಕೆಲಸಕ್ಕೆ ಹೋದೆ.

ಮರುದಿನ ನಾನೇ ಇಡೀ ಕ್ಯಾಪ್ಸೂಲ್ ಹಿಡಿದು ಕೂತೆ. ಪಲ್ಲವಿ ಹಲ್ಲು ಕಚ್ಚಿಕೊಂಡಳು.

"ಅದು ತೊಗಲು. ಆಯಿ ಹೇಳ್ಯಾಳ."

"ಇಲ್ಲವ್ವಾ, ಔಷಧ ಅದು."

"ಕೆಂದನ ತೊಗಲು ತಿಂತೀಯೇನ್ ಬೇ ನೀ?" ಎಂದು ಕೇಳಿ, ಕ್ಯಾಪ್ಸೂಲನ್ನು ಕಸಿದು ಕೊಟ್ಟಿಗೆಗೆ ಓಡಿ ಎತ್ತಿನ ಕೊರಳು ತಬ್ಬಿಕೊಂಡು ನಿಂತಳು. ಬೆಲ್ಲದಲ್ಲಿಟ್ಟೆ, ಹೋಳಿಗೆಯಲ್ಲಿಟ್ಟೆ, ಮೊಬೈಲ್ ಕೊಡುತ್ತೇನೆಂದೆ, ಬೇಡಿಕೊಂಡೆ. ಎಲ್ಲವನ್ನೂ ಉಗುಳಿದಳು. ಯಾವುದಕ್ಕೂ ಜಗ್ಗದ ಹುಡುಗಿ ಜೀವನದಲ್ಲಿ ಮೊದಲ ಸಲ ಹಿರಿಯರು ಹೇಳಿದ ಒಂದು ಮಾತನ್ನು ಅಚ್ಚುಕಟ್ಟಾಗಿ ಪಾಲಿಸುತ್ತಿದ್ದಳು. ದಸರಾ ರಜೆ ಶುರುವಾಯಿತು. ಗಂಡ ಹುಬ್ಬಳ್ಳಿಯ ಗೆಳೆಯನಿಗೆ ಫೋನು ಮಾಡುವುದು ನನಗೆ ಕೇಳಿಸಿತು.

ಮತ್ತೆ ಧಾರವಾಡಕ್ಕೆ ಹೊರಟಾಗ ಅತ್ತೆ "ನಾನೂ ಬರ್ತೀನಿ" ಎಂದರು. ಡಾಕ್ಟರ ಜೊತೆ ಜಗಳ ತೆಗೆಯುತ್ತಾರೆಂದು ನನಗೆ ಖಾತ್ರಿಯಿತ್ತು. ಒಳಗೆ ಹೋದವರೇ ನೇರವಾಗಿ ಕೇಳಿದರು: "ಖರೇ ಹೇಳ್ರಿ, ಇದು ತೊಗಲಿಂದು ಹೌದೋ ಅಲ್ಲೋ?"

ಡಾಕ್ಟರ್ ತಪ್ಪಿಸಿಕೊಳ್ಳಲಿಲ್ಲ. "ಭಾಳಷ್ಟು ಕ್ಯಾಪ್ಸೂಲ್ ಹಂಗ ಇರ್ತಾವ್ರಿ ಅಮ್ಮಾ. ಕೆಲವು ಸಸ್ಯದ್ದೂ ಇರ್ತಾವು. ಇದು ಸಸ್ಯದ್ದು ಅಂತ ನಾ ಸುಳ್ಳು ಹೇಳಂಗಿಲ್ಲ. ಆದ್ರ ಇದನ್ನ ಬಿಚ್ಚಿ ಕೊಡಬಾರದ್ರಿ. ಪುಡಿ ಕಣ್ಣಿಗೆ ಉರಿ, ಹೊಟ್ಟಿಗೆ ತೊಳಸತೈತಿ. ಬ್ಯಾರೆ ಔಷಧ ಅದಾವು, ಆದ್ರ ಈ ಹುಡುಗಿಗೆ ಮೊದಲು ಇದನ್ನ ಸರಿಯಾಗಿ ಕೊಟ್ಟು ನೋಡೂದು ಚಲೋ."

ಅತ್ತೆ "ಹಂಗಾರ ನನಗೂ ಒಂದು ಬರದ ಕೊಡ್ರಿ" ಎಂದರು.

"ನಿಮಗೇನಾಗೇತ್ರಿ?"

"ನನಗೇನೂ ಆಗಿಲ್ಲ. ಅಂಥಾದ್ದೊಂದು ಬೇಕು. ಸಿಪ್ಪಿ ಇದ್ದದ್ದು."

ಡಾಕ್ಟರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವರು ಎದ್ದು ಬಂದು ಅತ್ತೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಉಗುರು ನೋಡಿ, ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಕಡಿಮೆ ಇದೆಯೆಂದು ಕಬ್ಬಿಣಾಂಶದ ಕ್ಯಾಪ್ಸೂಲ್ ಬರೆದುಕೊಟ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ಆ ಪೊಟ್ಟಣವನ್ನು ಮಡಿಲಿನಲ್ಲಿಟ್ಟುಕೊಳ್ಳಲಿಲ್ಲ, ನನ್ನ ಕೈಗೆ ಕೊಟ್ಟು ಕಿಟಕಿಯ ಹೊರಗೆ ನೋಡುತ್ತ ಕೂತರು.

ಮುಂದಿನದನ್ನು ಬರೆಯುವ ಮೊದಲು ಒಂದು ಮಾತು. ಔಷಧದಿಂದ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಪಲ್ಲವಿ ಈಗಲೂ ಸಿಟ್ಟು ಮಾಡುತ್ತಾಳೆ, ಈಗಲೂ ಒಮ್ಮೊಮ್ಮೆ ಶಾಲೆಯಿಂದ ಫೋನು ಬರುತ್ತದೆ. ಆದರೆ ಹೊಡೆಯಲು ಎತ್ತಿದ ಕೈಯನ್ನು ಅವಳು ಕೆಲವು ಸಲ ಅರ್ಧದಲ್ಲೇ ನಿಲ್ಲಿಸುತ್ತಾಳೆ. ಆ ಅರ್ಧ ಬಂದದ್ದಕ್ಕೆ ನಾನು ಯಾರಿಗೆ ಋಣಿ ಎಂಬುದನ್ನು ಹೇಳದೆ ಮುಗಿಸಲಾರೆ.

ಧಾರವಾಡದಿಂದ ಬಂದ ಮರುದಿನ ಬೆಳಿಗ್ಗೆ ಗಂಡ ಹುಬ್ಬಳ್ಳಿಗೆ ಹೊರಡುವವರಿದ್ದರು, ಹಾಸ್ಟೆಲಿನವರ ಜೊತೆ ಮಾತಾಡಿ ಬರಲು. ಅತ್ತೆ ಪೂಜೆ ಮುಗಿಸಿ ಅಡುಗೆಮನೆಗೆ ಬಂದರು. ಎರಡು ಗ್ಲಾಸು ನೀರು ಇಟ್ಟರು. ಪಲ್ಲವಿಯನ್ನು ಎದುರು ಕೂರಿಸಿಕೊಂಡು, ನನ್ನ ಕೈಯಿಂದ ಎರಡೂ ಪೊಟ್ಟಣ ಇಸಿದುಕೊಂಡು, ಅವಳ ಮುಂದೆ ಒಂದು, ತಮ್ಮ ಮುಂದೆ ಒಂದು ಕ್ಯಾಪ್ಸೂಲ್ ಇಟ್ಟರು.

"ಆಯಿ, ನೀ ತಿಂತೀಯೇನ್? ತೊಗಲು ಅದು."

"ಹೌದವಾ. ತಿಂತೀನಿ."

"ಶಿವಪ್ಪ ಬೈತಾನ."

"ಬೈಲಿ. ನನಗ ಬೈಲಿ."

ಹಾಗೆಂದು ಅವರು ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ದಾರ ಹಿಡಿದು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದರು, ಮೇಲೆ ಸೆರಗು ಮುಚ್ಚಿದರು. ಕಣ್ಣು ಗಟ್ಟಿಯಾಗಿ ಮುಚ್ಚಿ ಕ್ಯಾಪ್ಸೂಲ್ ಬಾಯಿಗೆ ಹಾಕಿ ನೀರು ಕುಡಿದರು. ಎಪ್ಪತ್ತು ದಾಟಿದ ಆ ಜೀವ ಮೊಟ್ಟೆ ಕುದಿಸಿದ ಮನೆಯಲ್ಲಿ ನೀರನ್ನೂ ಮುಟ್ಟಿದ್ದಲ್ಲ.

ಪಲ್ಲವಿ ಅವರನ್ನೇ ನೋಡಿದಳು. ಆಮೇಲೆ ತನ್ನ ಚಿಕ್ಕ ಕರಡಿಗೆಯನ್ನೂ ಬೆನ್ನಿಗೆ ತಳ್ಳಿ, ಕ್ಯಾಪ್ಸೂಲ್ ನುಂಗಿ, ನೀರು ಕುಡಿದು, ಬಾಯಿ ದೊಡ್ಡದಾಗಿ ತೆರೆದು ತೋರಿಸಿದಳು.

ಗಂಡ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ. ಅತ್ತೆ ಅವರ ಕಡೆ ತಿರುಗಿಯೂ ನೋಡದೆ, "ಬಸೂ, ನೀ ಎಲ್ಲಿಗೂ ಹೋಗೂದು ಬ್ಯಾಡ. ಚಪ್ಪಲಿ ಕಳದು ಒಳಗ ಬಾ" ಎಂದರು. ಅವರು ಕಳಚಿದರು.

"ಆಯಿ, ಈಗ ಮುಂದ ತರ್ಲೇನ್?" ಪಲ್ಲವಿ ಬೆನ್ನಿನ ಮೇಲಿನ ಕರಡಿಗೆ ಮುಟ್ಟಿಕೊಂಡು ಕೇಳಿದಳು.

"ತಡಿಯವಾ," ಎಂದರು ಅತ್ತೆ, ಒಂದು ಕೈ ಎದೆಯ ಮೇಲಿಟ್ಟುಕೊಂಡು. "ಇನ್ನೂ ಸ್ವಲ್ಪ ಕೆಳಗ ಇಳೀಲಿ."